ಗೋವಾದಲ್ಲಿ ಸಮಾಜಶಾಸ್ತ್ರದ ಜೊತೆ ಪೋರ್ಚುಗೀಸ್: ಕನ್ನಡದ ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ವಾಸ್ಕೋ, ಝುವಾರಿನಗರ, ಮಡಗಾಂವ, ಮಾಪ್ಸಾ ಕಡೆ ಬೆಳೆದ ಕನ್ನಡದ ಮಕ್ಕಳು ಆರ್ಟ್ಸ್ ತಗೊಳ್ತೀನಿ ಅಂದರೆ ಮನೆಯಲ್ಲಿ ಮೊದಲು ಬರುವ ಪ್ರಶ್ನೆ: "ಅದನ್ನ ಓದಿ ಏನ್ ಮಾಡ್ತಿ?" ಜೊತೆಗೆ ಪೋರ್ಚುಗೀಸ್ ಕಲೀತೀನಿ ಅಂದರೆ ಇನ್ನೊಂದು: "ಅವರು ಹೋಗಿ ಅರವತ್ತು ವರ್ಷದ ಮೇಲಾಯ್ತು, ಈಗ್ಯಾಕ ಅವರ ಭಾಷೆ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಗೋವಾದಲ್ಲೇ ಓದುವವರಿಗೂ, ಕಾರವಾರ, ಬೆಳಗಾವಿ, ಹುಬ್ಬಳ್ಳಿಯಿಂದ ಇಲ್ಲಿಗೆ ಓದಲು ಬರುವವರಿಗೂ ಉತ್ತರ ಬೇಕು.

ನನ್ನ ಉತ್ತರ ಇದು. ಗೋವಾ 1961ರ ಡಿಸೆಂಬರ್ 19ರ ತನಕ ಪೋರ್ಚುಗೀಸರ ಕೈಯಲ್ಲಿತ್ತು. ಇಲ್ಲಿನ ಜಮೀನು, ಮದುವೆ, ಊರಿನ ಕೂಟ, ಸಂತೆಯ ಸುಂಕ, ಇವುಗಳ ಹಳೆಯ ಕಾಗದವೆಲ್ಲ ಬಹುಪಾಲು ಆ ಭಾಷೆಯಲ್ಲಿದೆ. ಇವತ್ತಿನ ಗೋವಾದಲ್ಲಿ ಕಟ್ಟಡ ಕಟ್ಟುವವರು, ಬಂದರಿನಲ್ಲಿ ದುಡಿಯುವವರು, ತರಕಾರಿ ಮಾರುವವರು ಎಷ್ಟೋ ಜನ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು. ಅವರ ಮಾತು ಕನ್ನಡ. ಹಳೆಯ ಕಾಗದವನ್ನೂ ಓದಬಲ್ಲ, ಸಂತೆಯ ಅಕ್ಕನ ಜೊತೆಗೂ ಮಾತಾಡಬಲ್ಲ ವಿದ್ಯಾರ್ಥಿ ಗೋವಾದ ಸಮಾಜವನ್ನು ಓದುವಷ್ಟು ಚೆನ್ನಾಗಿ ಬೇರೆ ಯಾರು ಓದಿಯಾರು? ನಿಮಗೆ ಕನ್ನಡ ಹೇಗೂ ಇದೆ. ಕೊಂಕಣಿ, ಹಿಂದಿ ಬೀದಿಯಲ್ಲೇ ಬಂದಿರುತ್ತವೆ. ಇನ್ನು ಕಲಿಯಬೇಕಾದ್ದು ಒಂದೇ ಭಾಷೆ.

ಮೊದಲು ಭಾಷೆಯನ್ನು ಯೋಚಿಸಿ ಆರಿಸಿ

ವಿದೇಶಿ ಭಾಷೆ ಅಂದ ಕೂಡಲೇ ಫ್ರೆಂಚ್ ಅಥವಾ ಜರ್ಮನ್ ಅನ್ನುವುದು ರೂಢಿ. ತಪ್ಪೇನಿಲ್ಲ. ಸಮಾಜಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ದುರ್ಖೈಮ್ ಬರೆದದ್ದು ಫ್ರೆಂಚಿನಲ್ಲಿ, ಮ್ಯಾಕ್ಸ್ ವೆಬರ್ ಬರೆದದ್ದು ಜರ್ಮನ್‌ನಲ್ಲಿ. ಸಿದ್ಧಾಂತವನ್ನೇ ಹಿಡಿದು ಮುಂದೆ ಯುರೋಪಿನಲ್ಲಿ ಓದಬೇಕು ಅನ್ನುವವರು ಅವನ್ನೇ ಆರಿಸಲಿ. ಗೋವಾ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಕೂಡ ಇದೆ.

ಆದರೆ ಗೋವಾದಲ್ಲೇ ಇದ್ದು ಗೋವಾವನ್ನೇ ಓದುವವರಿಗೆ ಪೋರ್ಚುಗೀಸ್ ಕೊಡುವ ಲಾಭ ದೊಡ್ಡದು. ಕಲಿತದ್ದನ್ನು ಮರುದಿನವೇ ಬಳಸಬಹುದು. ಪಣಜಿಯ ಗ್ರಂಥಾಲಯದಲ್ಲಿ ಓದಲು ಹಳೆಯ ಪತ್ರಿಕೆಗಳಿವೆ. ಪಣಜಿಯ ಹಳೆಯ ಬಡಾವಣೆ ಫೊಂತಾಯ್ನಾಸ್‌ನಲ್ಲಿ ಈಗಲೂ ಆ ಭಾಷೆ ಆಡುವ ಹಿರಿಯರಿದ್ದಾರೆ. ಗೋವಾದ ಕುಟುಂಬ ಕಾನೂನಿನ ಬುಡದಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ ಇದೆ. ಮದುವೆಯಾದ ಗಂಡ ಹೆಂಡತಿಗೆ ಆಸ್ತಿಯಲ್ಲಿ ಸಮಪಾಲು ಅನ್ನುವ ಇಲ್ಲಿನ ಸಾಮಾನ್ಯ ನಿಯಮ ಅದರಿಂದಲೇ ಬಂದದ್ದು. ಕುಟುಂಬದ ಸಮಾಜಶಾಸ್ತ್ರ ಓದುವವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿ ಸಿಗುತ್ತದೆ?

ಕನ್ನಡಿಗರಿಗೆ ಇನ್ನೂ ಒಂದು ಕಾರಣ ಇದೆ. ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ದೊಮಿಂಗೊ ಪಾಯಸ್ ಮತ್ತು ಫೆರ್ನಾವ್ ನುನೀಜ್ ಇಬ್ಬರೂ ಪೋರ್ಚುಗೀಸರು. ಪಾಯಸ್ ಬಂದದ್ದು ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ. ಹಂಪಿಯ ಸಂತೆ, ಮಹಾನವಮಿಯ ಸಡಗರ ನಾವು ಓದಿದ್ದು ಬಹುಪಾಲು ಇಂಗ್ಲಿಷ್ ಅನುವಾದದಿಂದ ಬಂದದ್ದು. ಮೂಲವನ್ನೇ ಓದುವ ಕನ್ನಡದ ಹುಡುಗ ಹುಡುಗಿಯರು ಇನ್ನೂ ಹೆಚ್ಚಾಗಬೇಕು ಅಂತ ನನಗೆ ಮನಸಾರೆ ಅನಿಸುತ್ತದೆ.

ಪೋರ್ಚುಗೀಸ್ ಬರೀ ಹಳೆಯ ಕಾಗದದ ಭಾಷೆ ಅಂದುಕೊಳ್ಳಬೇಡಿ. ಬ್ರೆಜಿಲ್ ಒಂದರಲ್ಲೇ 20 ಕೋಟಿಗೂ ಜಾಸ್ತಿ ಜನ ಅದನ್ನಾಡುತ್ತಾರೆ. ಅಲ್ಲಿ ಸಮಾಜಶಾಸ್ತ್ರಕ್ಕೆ ಎಂಥ ಗೌರವ ಅಂದರೆ, ಫೆರ್ನಾಂಡೊ ಹೆನ್ರಿಕ್ ಕಾರ್ಡೊಸೊ ಅನ್ನುವ ಸಮಾಜಶಾಸ್ತ್ರಜ್ಞರು 1995ರಿಂದ ಎಂಟು ವರ್ಷ ದೇಶದ ಅಧ್ಯಕ್ಷರಾಗಿದ್ದರು.

ಸೀಟು, ಕಾಗದ, ಕ್ರೆಡಿಟ್

ಈಗಿನ ಪದವಿ ಹೊಸ ಶಿಕ್ಷಣ ನೀತಿಯ ಚೌಕಟ್ಟಿನಲ್ಲಿ ನಡೆಯುತ್ತದೆ. ಒಂದು ವಿಷಯ ಮೇಜರ್, ಅಂದರೆ ಮುಖ್ಯ ವಿಷಯ; ಇನ್ನೊಂದು ಮೈನರ್, ಅಂದರೆ ಜೊತೆಯ ವಿಷಯ. ಮೂರು ವರ್ಷಕ್ಕೆ ಪದವಿ ತಗೊಂಡು ಹೊರಬರಬಹುದು, ನಾಲ್ಕನೇ ವರ್ಷವೂ ಓದಬಹುದು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಚೌಕಟ್ಟಿನಂತೆ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್. ಅದರಲ್ಲಿ ಮೇಜರ್‌ಗೆ 60, ಮೈನರ್‌ಗೆ 24. ಸಮಾಜಶಾಸ್ತ್ರವನ್ನು ಮೇಜರ್ ಮಾಡಿಕೊಂಡು ಪೋರ್ಚುಗೀಸನ್ನು ಮೈನರ್ ಮಾಡಿಕೊಳ್ಳುವುದು ಒಳ್ಳೆಯ ಜೋಡಿ.

ಆದರೆ ಎಲ್ಲ ಕಾಲೇಜಿನಲ್ಲೂ ಎರಡೂ ಸಿಗುವುದಿಲ್ಲ. ಅದಕ್ಕೇ ಫಾರ್ಮ್ ತುಂಬುವ ಮೊದಲು ಕಾಲೇಜಿಗೆ ಹೋಗಿ ಕೇಳಿ. ಕೇಳಬೇಕಾದ್ದು ಹೀಗೆ: ಪೋರ್ಚುಗೀಸ್ ಮೈನರ್ ಆಗಿ ಮೂರೂ ವರ್ಷ ಇರುತ್ತದಾ, ಇಲ್ಲಾ ಮೊದಲ ವರ್ಷದ ಒಂದು ಪೇಪರ್ ಮಾತ್ರವಾ? ಕನಿಷ್ಠ ಎಷ್ಟು ವಿದ್ಯಾರ್ಥಿಗಳು ಬಂದರೆ ತರಗತಿ ನಡೆಸುತ್ತಾರೆ? ಎರಡು ವಿಷಯದ ತರಗತಿಗಳು ಒಂದೇ ಹೊತ್ತಿಗೆ ಬೀಳುತ್ತವಾ? ಈ ಕೊನೆಯ ಪ್ರಶ್ನೆಯನ್ನು ಆಫೀಸಿನಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಎರಡನೇ ವರ್ಷದ ವಿದ್ಯಾರ್ಥಿಗಳನ್ನೇ ಹಿಡಿದು ಅವರ ಟೈಮ್‌ಟೇಬಲ್ ನೋಡಿ.

ಕಾಲೇಜಿನಲ್ಲಿ ಭಾಷೆ ಸಿಗದಿದ್ದರೂ ದಾರಿ ಇದೆ. ಪಣಜಿಯಲ್ಲಿ ಪೋರ್ಚುಗಲ್ ಸರ್ಕಾರದ ಕಮೋಯಿಸ್ ಸಂಸ್ಥೆಯ ಭಾಷಾ ಕೇಂದ್ರವಿದೆ. ಫುಂಡಸಾಂವ್ ಓರಿಯೆಂತೆ ಕೂಡ ಅಲ್ಲೇ ಇದೆ, ಭಾಷೆ ಮತ್ತು ಸಂಸ್ಕೃತಿಗೆ ಬೆಂಬಲ ಕೊಡುವ ಸಂಸ್ಥೆ ಅದು. ಹೊರಗೆ ಸರ್ಟಿಫಿಕೇಟ್ ಕೋರ್ಸ್ ಮಾಡುತ್ತ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುವುದಕ್ಕೆ ಯಾವ ಅಡ್ಡಿಯೂ ಇಲ್ಲ. ತರಗತಿಯ ಹೊತ್ತು ಒಂದರ ಮೇಲೊಂದು ಬೀಳದಿದ್ದರೆ ಎರಡು ಪದವಿಯನ್ನೇ ಒಟ್ಟಿಗೆ ಮಾಡಲು ಯುಜಿಸಿ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಹಾಗಂತ ಎರಡು ಪದವಿಯ ಭಾರ ಹೊರಲು ನಾನು ಯಾರಿಗೂ ಹೇಳುವುದಿಲ್ಲ. ಮೇಜರ್, ಮೈನರ್ ಧಾರಾಳ ಸಾಕು.

ಕಾಗದದ ಮಾತಿಗೆ ಬಂದರೆ ನಮ್ಮವರು ಒಂದನ್ನು ಗಮನಿಸಬೇಕು. ಕರ್ನಾಟಕದಲ್ಲಿ ತಗೊಂಡ ಜಾತಿ ಪ್ರಮಾಣಪತ್ರ ಸಾಮಾನ್ಯವಾಗಿ ಗೋವಾದ ಮೀಸಲಾತಿಗೆ ನಡೆಯುವುದಿಲ್ಲ. ಅದನ್ನೇ ನಂಬಿ ಕೂತರೆ ಕೊನೆಯ ದಿನ ಓಡಾಟ. ವಾಸದ ಪ್ರಮಾಣಪತ್ರಕ್ಕೆ ಏನೇನು ಬೇಕು ಅನ್ನುವುದನ್ನು ಫಲಿತಾಂಶ ಬರುವ ಮೊದಲೇ ಮಾಮಲೆದಾರ್ (ನಮ್ಮ ಕಡೆಯ ತಹಶೀಲ್ದಾರರ ಹಾಗೆ) ಕಚೇರಿಯಲ್ಲಿ ಕೇಳಿಟ್ಟುಕೊಳ್ಳಿ. ಅಪ್ಪ ಅಮ್ಮ ಬಾಡಿಗೆ ಮನೆ ಬದಲಿಸುತ್ತ ಬಂದಿದ್ದರೆ ಶಾಲೆಯ ದಾಖಲೆಗಳೇ ದೊಡ್ಡ ಆಧಾರ. ಒಂದನೇ ತರಗತಿಯಿಂದ ಹಿಡಿದು ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಿ.

ಭಾಷೆಯ ಮೊದಲ ವರ್ಷ

ಭಾಷೆಯ ಮಟ್ಟವನ್ನು ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲಾಗಿ ಅಳೆಯುತ್ತಾರೆ. ಒಂದು ಕ್ರೆಡಿಟ್ ಅಂದರೆ ಸುಮಾರು 15 ಗಂಟೆಯ ಪಾಠ. ಮೈನರ್‌ನ 24 ಕ್ರೆಡಿಟ್ ಪೂರ್ತಿ ಭಾಷೆಗೇ ಸಿಕ್ಕರೂ ಮೂರು ವರ್ಷಕ್ಕೆ 360 ಗಂಟೆ. ಅಷ್ಟರಲ್ಲಿ ಸುಮಾರಾಗಿ ಬಿ-1 ಮುಟ್ಟಬಹುದು. ಸಮಾಜಶಾಸ್ತ್ರದ ಲೇಖನವನ್ನು ಪದಪದಕ್ಕೂ ನಿಘಂಟು ತೆಗೆಯದೆ ಓದಲು ಬೇಕಾದ್ದು ಬಿ-2. ನಡುವಿನ ಆ ಅಂತರವನ್ನು ನೀವೇ ತುಂಬಬೇಕು. ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಆದರೆ ದಿನಾ ಆಗಬೇಕು. ಭಾನುವಾರ ಐದು ಗಂಟೆ ಕೂತು ಉಳಿದ ದಿನ ಬಿಟ್ಟರೆ ಏನೂ ನಿಲ್ಲುವುದಿಲ್ಲ.

ನಮಗೆ ಕೆಲವು ಅನುಕೂಲಗಳಿವೆ. ಕನ್ನಡದಲ್ಲಿ "ಬಂದೆ" ಅಂದರೆ ಸಾಕು, ಬಂದದ್ದು ನಾನು ಅಂತ ಗೊತ್ತಾಗುತ್ತದೆ. ಪೋರ್ಚುಗೀಸಿನಲ್ಲೂ ಹಾಗೇ, ಕ್ರಿಯಾಪದದ ಕೊನೆಯೇ ಯಾರು ಅನ್ನುವುದನ್ನು ಹೇಳುತ್ತದೆ. ಮೂಗಿನಿಂದ ಬರುವ ಸ್ವರಗಳು ಕೊಂಕಣಿ ಕೇಳಿ ಬೆಳೆದವರಿಗೆ ಹೊಸದಲ್ಲ. ಕಷ್ಟ ಆಗುವುದು ಲಿಂಗದಲ್ಲಿ. ನಮ್ಮಲ್ಲಿ ಮೇಜು, ಕಿಟಕಿ, ಊರು ಎಲ್ಲ ನಪುಂಸಕ. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಪ್ರತಿ ಹೊಸ ಪದವನ್ನೂ ಅದರ ಮುಂದಿನ ಗುರುತಿನ ಜೊತೆಗೇ ಬಾಯಿಪಾಠ ಮಾಡಿ. "ಮೇಜಾ" ಅಂತ ಬರೆದುಕೊಳ್ಳಬೇಡಿ, "ಆ ಮೇಜಾ" ಅಂತ ಬರೆದುಕೊಳ್ಳಿ. ಪುಸ್ತಕಕ್ಕೆ "ಉ ಲೀವ್ರು" ಅಂತ ಬರೆದುಕೊಳ್ಳಿ. ಇಲ್ಲಿ "ಆ" ಹೆಣ್ಣಿನ ಗುರುತು, "ಉ" ಗಂಡಿನ ಗುರುತು. ಆಮೇಲೆ ಬೇರೆ ಮಾಡಿ ಕಲಿಯುವುದು ಎರಡರಷ್ಟು ಕೆಲಸ.

ಉಚ್ಚಾರಣೆಯಲ್ಲಿ ಒಂದನ್ನೇ ಹಿಡಿಯಿರಿ. ಬ್ರೆಜಿಲ್‌ನವರು ಸ್ವರಗಳನ್ನು ಬಾಯಿ ತುಂಬ ಹೇಳುತ್ತಾರೆ, ಪೋರ್ಚುಗಲ್‌ನವರು ಅರ್ಧ ನುಂಗುತ್ತಾರೆ. ಗೋವಾದಲ್ಲಿ ಸಾಮಾನ್ಯವಾಗಿ ಕಲಿಸುವುದು ಪೋರ್ಚುಗಲ್‌ನ ರೀತಿ. ಬ್ರೆಜಿಲ್‌ನ ವಿಡಿಯೊಗಳು ಜಾಸ್ತಿ ಸಿಗುತ್ತವೆ, ಸುಲಭವಾಗಿಯೂ ಕೇಳಿಸುತ್ತವೆ. ಮೊದಲ ವರ್ಷ ಅವನ್ನು ದೂರ ಇಟ್ಟು ಪೋರ್ಚುಗಲ್‌ನ ಆರ್‌ಟಿಪಿ ರೇಡಿಯೊ ಸುದ್ದಿ ಕೇಳಿ. ವಾಸ್ಕೋದಿಂದ ಪಣಜಿಗೆ ಕದಂಬ ಬಸ್ಸಿನಲ್ಲಿ ಹೋಗಿಬರುವವರಿಗೆ ಕೇಳಲು ಬೇಕಾದಷ್ಟು ಹೊತ್ತು ಇರುತ್ತದೆ. ಮೊದಮೊದಲು ಬರೀ ಗದ್ದಲ ಅನಿಸುತ್ತದೆ. ಬಿಡಬೇಡಿ. ಕೆಲವು ತಿಂಗಳಿಗೆ ಊರಿನ ಹೆಸರು, ಸಂಖ್ಯೆ, ದಿನದ ಹೆಸರು ಬಿಡಿಬಿಡಿಯಾಗಿ ಕಿವಿಗೆ ಬೀಳಲು ಶುರುವಾಗುತ್ತವೆ.

ಸಮಾಜಶಾಸ್ತ್ರವನ್ನು ಓದುವ ಬಗೆ

ಭಾಷೆಗೆ ದಿನದಿನದ ಅಭ್ಯಾಸ ಬೇಕು. ಸಮಾಜಶಾಸ್ತ್ರಕ್ಕೆ ಒಂದೇ ಸಲ ಉದ್ದಕ್ಕೆ ಕೂರುವ ಹೊತ್ತು ಬೇಕು. ವಾರದಲ್ಲಿ ಎರಡು ಸಲ, ಎರಡೆರಡು ಗಂಟೆ ಎದ್ದು ಹೋಗದೆ ಓದಿ. ನೋಟ್ಸ್ ಓದಿ ಪಾಸಾಗಬಹುದು ನಿಜ, ಆದರೆ ಮಾರ್ಕ್ಸ್, ವೆಬರ್, ದುರ್ಖೈಮ್ ಅವರ ಹತ್ತು ಹತ್ತು ಪುಟವನ್ನಾದರೂ ಅವರ ಮಾತಿನಲ್ಲೇ ಇಂಗ್ಲಿಷಿನಲ್ಲಿ ಓದಿ.

ಭಾರತದ ಸಮಾಜಶಾಸ್ತ್ರಕ್ಕೆ ಬಂದಾಗ ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರಿಂದ ಶುರು ಮಾಡಿ. ಅವರು ಕಲಿತದ್ದು ಮುಂಬೈ ವಿಶ್ವವಿದ್ಯಾಲಯದಲ್ಲಿ, ಜಿ.ಎಸ್. ಘುರ್ಯೆ ಅವರ ಕೈಕೆಳಗೆ. 1919ರಲ್ಲಿ ಶುರುವಾದ ವಿಭಾಗ ಅದು. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಇದ್ದುಕೊಂಡು, ಜನರ ಜೊತೆ ಕನ್ನಡದಲ್ಲಿ ಮಾತಾಡುತ್ತ ಮಾಡಿದ ಕೆಲಸ ಬಹಳ ಹೆಸರಾಯಿತು. ಊರಲ್ಲಿ ಯಾವ ಜಾತಿಯ ಮಾತು ನಡೆಯುತ್ತದೆ, ಯಾಕೆ ನಡೆಯುತ್ತದೆ ಅನ್ನುವುದನ್ನು ಅವರು ನೋಡಿದ ರೀತಿಯನ್ನು ಗೋವಾದ ಯಾವ ವಾಡೆಯ (ಊರಿನ ಕೇರಿಯ) ಮೇಲಾದರೂ ಇಟ್ಟು ನೋಡಬಹುದು.

ಇಲ್ಲಿ ಭಾಷೆ ಮತ್ತು ಸಮಾಜಶಾಸ್ತ್ರ ನೇರವಾಗಿ ಕೂಡುವ ಜಾಗ ಒಂದಿದೆ. ಬ್ರೆಜಿಲ್‌ನ ಜಿಲ್ಬೆರ್ಟೊ ಫ್ರೆಯ್ರೆ ಅನ್ನುವ ಸಮಾಜಶಾಸ್ತ್ರಜ್ಞರು 1951ರಲ್ಲಿ ಪೋರ್ಚುಗಲ್ ಸರ್ಕಾರದ ಆಹ್ವಾನದ ಮೇಲೆ ಗೋವಾಕ್ಕೆ ಬಂದಿದ್ದರು. ಪೋರ್ಚುಗೀಸರು ತಾವು ಹೋದ ಬಿಸಿಲು ನಾಡುಗಳ ಜನರ ಜೊತೆ ಸಲೀಸಾಗಿ ಬೆರೆತರು, ಅವರ ಆಳ್ವಿಕೆ ಬೇರೆಯವರದಕ್ಕಿಂತ ಮೃದು ಅನ್ನುವುದು ಫ್ರೆಯ್ರೆ ಅವರ ವಾದ. ಆಗ ಪೋರ್ಚುಗಲ್ಲನ್ನು ಆಳುತ್ತಿದ್ದ ಸರ್ವಾಧಿಕಾರಿ ಸಾಲಜಾರ್ ಸರ್ಕಾರ ಇದನ್ನು ಗೋವಾವನ್ನು ಬಿಟ್ಟುಕೊಡದಿರಲು ನೆಪವಾಗಿ ಬಳಸಿತು. ಅದಕ್ಕೂ ಮೊದಲೇ, 1944ರಲ್ಲಿ, ಗೋವಾದ ಸ್ವಾತಂತ್ರ್ಯ ಹೋರಾಟಗಾರ ಟಿ.ಬಿ. ಕುನ್ಹಾ ಈ ಆಳ್ವಿಕೆ ಗೋವಾದವರ ಬದುಕನ್ನು ಹೇಗೆ ಕೆಡಿಸಿತು ಅಂತ ಬರೆದಿದ್ದರು. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಓದಿ. ಆಮೇಲೆ ಊರಿನ ಚರ್ಚಿನ ಕಡೆ ನೋಡಿ. ಮತಾಂತರ ಆದ ಮೇಲೂ ಬಾಮಣ್, ಚಾರ್ಡೊ, ಸುದೀರ್ ಅನ್ನುವ ಜಾತಿಗಳು ಉಳಿದವು. ಚರ್ಚಿನ ಕೂಟಗಳಲ್ಲೂ ಜಾತಿಯ ಗೆರೆ ಇತ್ತು. ಹಾಗಾದರೆ "ಸಲೀಸಾಗಿ ಬೆರೆತರು" ಅನ್ನುವ ಮಾತು ಎಷ್ಟು ನಿಜ? ಮೂರನೇ ವರ್ಷದ ಪ್ರಬಂಧಕ್ಕೆ ಇಷ್ಟು ವಿಷಯ ಸಾಕು.

ಎರಡನ್ನೂ ಕೂಡಿಸುವ ಒಂದು ಕೆಲಸ: ಮಾಪ್ಸಾದ ಸಂತೆ

ಎರಡನೇ ವರ್ಷದಲ್ಲಿ ಒಂದು ಸಣ್ಣ ಪ್ರಾಜೆಕ್ಟ್ ಹಿಡಿಯಿರಿ. ಮಾಪ್ಸಾದ ಶುಕ್ರವಾರದ ಸಂತೆ ನನಗೆ ಬಹಳ ಇಷ್ಟದ ಉದಾಹರಣೆ. ಗೋವಾದ ಅಡುಗೆಮನೆಗೆ ತರಕಾರಿ ದೊಡ್ಡ ಪಾಲು ಬೆಳಗಾವಿಯ ಕಡೆಯಿಂದ ಬರುತ್ತದೆ. ಸಂತೆಯಲ್ಲಿ ಗೋವಾದ ಹಳ್ಳಿಯ ಹೆಂಗಸರು ಊರಿನ ಮೆಣಸಿನಕಾಯಿ, ಚೋರಿಸ್ (ಹಂದಿಮಾಂಸದ ಸಾಸೇಜು) ಇಟ್ಟುಕೊಂಡು ಕೂತಿರುತ್ತಾರೆ. ನಮ್ಮ ಕಡೆಯವರು ತರಕಾರಿ, ಬಳೆ, ಬಟ್ಟೆ ಇಟ್ಟುಕೊಂಡು ಕೂತಿರುತ್ತಾರೆ. ಯಾರು ಎಲ್ಲಿ ಕೂರುತ್ತಾರೆ ಅನ್ನುವುದರಲ್ಲೇ ಅರ್ಧ ಸಮಾಜಶಾಸ್ತ್ರ ಇದೆ.

ಮೊದಲ ಸಲ ಹೋದಾಗ ಯಾರನ್ನೂ ಪ್ರಶ್ನೆ ಕೇಳಬೇಡಿ. ಒಂದು ಹಾಳೆಯ ಮೇಲೆ ನಕ್ಷೆ ಬರೆಯಿರಿ. ಸೂರು ಇರುವ ಕಟ್ಟೆ ಯಾರಿಗೆ, ಬಿಸಿಲಿನ ಜಾಗ ಯಾರಿಗೆ, ನೆಲದ ಮೇಲೆ ಗೋಣಿಚೀಲ ಹಾಸಿದವರು ಯಾರು. ಎರಡನೇ ಸಲ ಏನಾದರೂ ಕೊಂಡು ಮಾತಿಗೆ ಶುರು ಮಾಡಿ. "ಅಕ್ಕಾರ, ನಿಮ್ಮೂರು ಯಾವುದ್ರಿ?" ಅಂದರೆ ಮುಖ ಅರಳುತ್ತದೆ. ಸಂಪಾದನೆ ಎಷ್ಟು ಅಂತ ಮೊದಲೇ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಈ ಜಾಗ ನಿಮಗ ಹ್ಯಾಂಗ ಸಿಕ್ತರಿ?" ಅಂತ ಕೇಳಿ ನೋಡಿ. ಅತ್ತೆ ಕೂರುತ್ತಿದ್ದ ಜಾಗ ಸೊಸೆಗೆ ಬಂತಾ, ಊರಿನವರೊಬ್ಬರು ಬಿಟ್ಟುಕೊಟ್ಟರಾ, ಸೊಪೊ ಎಷ್ಟು ಕಟ್ಟುತ್ತಾರೆ, ವಸೂಲಿಗೆ ಯಾರು ಬರುತ್ತಾರೆ, ರಸೀದಿ ಕೊಡುತ್ತಾರಾ, ಎಲ್ಲ ಅದೇ ದಾರಿಯಲ್ಲಿ ಬರುತ್ತದೆ. ಸೊಪೊ ಅಂದರೆ ಸಂತೆಯಲ್ಲಿ ಕೂರುವುದಕ್ಕೆ ನಗರಸಭೆಗೆ ಕಟ್ಟುವ ಸುಂಕ. ವ್ಯಾಪಾರದ ಭರಾಟೆಯಲ್ಲಿ ಮಾತಾಡಿಸಬೇಡಿ, ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ.

ಕೇಳದೆ ರೆಕಾರ್ಡ್ ಮಾಡಬೇಡಿ, ಫೋಟೊ ತೆಗೆಯಬೇಡಿ. ರೇಷನ್ ಕಾರ್ಡ್, ಆಧಾರ್ ಬಗ್ಗೆ ವಿಚಾರಿಸಬೇಡಿ. ಹೊರಗಿನವರು ಅನ್ನುವ ಮಾತನ್ನು ದಿನಾ ಕೇಳುವ ಜನ ಅವರು. ನಿಮ್ಮ ನೋಟ್‌ಬುಕ್ಕಿನಿಂದ ಅವರ ಜಾಗಕ್ಕೆ ಕುತ್ತು ಬರಬಾರದು. ಹೆಸರು, ಕೂರುವ ಸಾಲು ಎರಡನ್ನೂ ಬದಲಿಸಿ ಬರೆಯಿರಿ. ಅವರ ಮಾತನ್ನು ಮಾತ್ರ ಅವರ ಕನ್ನಡದಲ್ಲೇ ಬರೆದುಕೊಳ್ಳಿ, ಇಂಗ್ಲಿಷಿಗೆ ತಿರುಗಿಸುವುದು ಆಮೇಲೆ ಇರಲಿ. ಆ ರಾತ್ರಿಯೇ ಕೂತು ಪೂರ್ತಿ ಬರೆದು ಮುಗಿಸಿ. ಮರುದಿನಕ್ಕೆ ಬಿಟ್ಟರೆ ಮಾತಿನ ಧಾಟಿ ಹೋಗಿಬಿಡುತ್ತದೆ.

ಇನ್ನು ಕಾಗದದ ಕಡೆ. ಪಣಜಿಯ ಪಾಟ್ಟೋದಲ್ಲಿರುವ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. 1832ರಲ್ಲಿ ಶುರುವಾದ ಗ್ರಂಥಾಲಯ ಅದು. ಹಳೆಯ ಪೋರ್ಚುಗೀಸ್ ಪತ್ರಿಕೆಗಳು ಅಲ್ಲಿವೆ. ಗೋವಾದ ಮೊದಲ ದಿನಪತ್ರಿಕೆ ಓ ಹೆರಾಲ್ಡೊ 1900ರಲ್ಲಿ ಪೋರ್ಚುಗೀಸಿನಲ್ಲಿ ಶುರುವಾಯಿತು, 1983ರಲ್ಲಿ ಇಂಗ್ಲಿಷಿಗೆ ಬದಲಾಯಿತು. ಹೊಸ ಕಲಿಕೆಯವರು 1950ರ ದಶಕದ ಪತ್ರಿಕೆಯಿಂದ ಶುರು ಮಾಡಿ, ಮೆಲ್ಲಗೆ ಹಿಂದಕ್ಕೆ ಹೋಗಿ. ಸಂಪಾದಕೀಯ ಬೇಡ, ಅದರ ಭಾಷೆ ಗಟ್ಟಿ. ಜಾಹೀರಾತು, ನಗರಸಭೆಯ ಪ್ರಕಟಣೆ, ಹರಾಜಿನ ನೋಟಿಸು ಓದಿ. ವಾಕ್ಯ ಒಂದೇ ಅಚ್ಚಿನವು, ಹತ್ತು ಓದಿದರೆ ಹನ್ನೊಂದನೆಯದು ತಾನಾಗೇ ಅರ್ಥವಾಗುತ್ತದೆ. ಸಂತೆಯ ಸುಂಕದ ಸುದ್ದಿ ಹುಡುಕಬೇಕಾದ್ದೂ ಅಲ್ಲೇ.

1911ಕ್ಕೂ ಹಿಂದಿನ ಅಚ್ಚು ಕಂಡರೆ ಗಾಬರಿ ಬೇಡ. ಆ ವರ್ಷ ಪೋರ್ಚುಗಲ್‌ನಲ್ಲಿ ಕಾಗುಣಿತ ಬದಲಾಯಿತು. ಈಗ ಎಫ್ ಬರೆಯುವ ಕಡೆ ಪಿ-ಎಚ್ ಇರುತ್ತದೆ, ಒಂದು ಅಕ್ಷರ ಸಾಕಿರುವ ಕಡೆ ಎರಡು ಇರುತ್ತವೆ. ನಿಘಂಟಿನಲ್ಲಿ ಪದ ಸಿಗದಿದ್ದರೆ ಹೆಚ್ಚಿನ ಅಕ್ಷರ ತೆಗೆದು ಮತ್ತೆ ಹುಡುಕಿ. ಕೈಬರಹದ ದಾಖಲೆಗಳ ತಂಟೆಗೆ ಮೂರನೇ ವರ್ಷದ ತನಕ ಹೋಗಬೇಡಿ. ಗೋವಾ ರಾಜ್ಯ ಪತ್ರಾಗಾರದ ಮೂಲ 1595ಕ್ಕೆ ಹೋಗುತ್ತದೆ, ಅಲ್ಲಿನ ಬರಹ ಓದಲು ಗುರುಗಳ ಸಹಾಯ ಬೇಕೇ ಬೇಕು. ಹೋಗುವಾಗ ಕಾಲೇಜಿನಿಂದ ಪತ್ರ ತಗೊಂಡು ಹೋಗಿ. ಅಂದ ಹಾಗೆ, ಗೋವಾದಲ್ಲಿ ಒಂದು ಕಾಲಕ್ಕೆ ಕನ್ನಡ ಲಿಪಿಗೆ ಹತ್ತಿರದ ಗೋಯ್ಕಾನಡಿ ಲಿಪಿ ಬಳಕೆಯಲ್ಲಿತ್ತು. ಆ ಲಿಪಿಯ ಹಳೆಯ ದಾಖಲೆಗಳೂ ಉಳಿದಿವೆ. ಕನ್ನಡ ಓದಬಲ್ಲವರು ಅದರ ಮೇಲೆ ಕೆಲಸ ಮಾಡಿದರೆ ಎಷ್ಟು ಒಳ್ಳೆಯದು!

ಓದುವಾಗ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಪೋರ್ಚುಗೀಸ್ ಪದ, ಇಂಗ್ಲಿಷ್, ಕನ್ನಡ. ತೆರಿಗೆ, ಗೇಣಿ, ವರದಕ್ಷಿಣೆ, ಕೂಲಿ, ಗಾಂವ್ಕಾರ (ಊರಿನ ಮೂಲ ಹಕ್ಕುದಾರ), ಇಂಥವು. ವರ್ಷ ಕಳೆಯುವಷ್ಟರಲ್ಲಿ ಯಾವ ಅಂಗಡಿಯಲ್ಲೂ ಸಿಗದ ನಿಘಂಟೊಂದು ನಿಮ್ಮ ಕೈಯಲ್ಲಿರುತ್ತದೆ.

ಪರೀಕ್ಷೆ ಮತ್ತು ಮುಂದಿನ ದಾರಿ

ಕಾಲೇಜಿನ ಅಂಕದ ಜೊತೆ ಹೊರಗಿನ ಒಂದು ಪ್ರಮಾಣಪತ್ರವೂ ಇರಲಿ. ಪೋರ್ಚುಗೀಸಿಗೆ ಲಿಸ್ಬನ್ ವಿಶ್ವವಿದ್ಯಾಲಯದ ಕಾಪ್ಲೆ ಪರೀಕ್ಷೆಗಳಿವೆ. ಎ-2ಕ್ಕೆ ಸಿಪ್ಲೆ, ಬಿ-1ಕ್ಕೆ ದೆಪ್ಲೆ, ಬಿ-2ಕ್ಕೆ ದಿಪ್ಲೆ. ಎಲ್ಲವನ್ನೂ ಬರೆಯುತ್ತ ದುಡ್ಡು ಖರ್ಚು ಮಾಡಬೇಡಿ. ಎ-2 ಬಿಟ್ಟು ನೇರ ಬಿ-1 ಬರೆಯಿರಿ, ಆಮೇಲೆ ಬಿ-2. ಬ್ರೆಜಿಲ್‌ಗೆ ಹೋಗುವ ಮನಸ್ಸಿದ್ದರೆ ಅಲ್ಲಿನದು ಸೆಲ್ಪಿ-ಬ್ರಾಸ್ ಅನ್ನುವ ಬೇರೆ ಪರೀಕ್ಷೆ.

ಕೆಲಸದ ಮಾತು. ಪೋರ್ಚುಗೀಸ್ ಬಲ್ಲವರಿಗೆ ಗೋವಾದಲ್ಲಿ ಅನುವಾದದ ಕೆಲಸ ಇದ್ದೇ ಇದೆ. ಹಳೆಯ ಜಮೀನು ಪತ್ರ, ಜನನ ದಾಖಲೆ, ವಕೀಲರ ಕಚೇರಿಯ ಕಾಗದ, ಎಲ್ಲಕ್ಕೂ ಓದಬಲ್ಲವರು ಬೇಕು. ಶಾಲೆಗಳಲ್ಲಿ ಭಾಷೆ ಕಲಿಸುವವರಿಗೂ ಜಾಗವಿದೆ. ಸಮಾಜಶಾಸ್ತ್ರ ಓದಿ ಸಮೀಕ್ಷೆ, ಸಂದರ್ಶನ ಮಾಡಲು ಕಲಿತವರನ್ನು ವಲಸೆ ಕಾರ್ಮಿಕರ ನಡುವೆ ಕೆಲಸ ಮಾಡುವ ಸಂಸ್ಥೆಗಳು ಕರೆಯುತ್ತವೆ, ಕನ್ನಡ ಬಂದರೆ ಇನ್ನೂ ಬೇಗ ಕರೆಯುತ್ತವೆ. ಮೊದಲ ಸಂಬಳ ದೊಡ್ಡದಿರುವುದಿಲ್ಲ. ಮನೆಯ ಜವಾಬ್ದಾರಿ ಇರುವವರು ಎರಡನೇ ವರ್ಷದಿಂದಲೇ ಸಣ್ಣಪುಟ್ಟ ಅನುವಾದ ಮಾಡುತ್ತ ಕೈ ಪಳಗಿಸಿಕೊಳ್ಳಿ. ಮೊದಮೊದಲು ಮಾಡಿದ್ದನ್ನು ಗುರುಗಳಿಗೆ ತೋರಿಸದೆ ಯಾರಿಗೂ ಕೊಡಬೇಡಿ. ಜಮೀನಿನ ಪತ್ರದಲ್ಲಿ ಒಂದು ಪದ ತಪ್ಪಿದರೂ ಯಾರದೋ ಮನೆಗೆ ತೊಂದರೆ.

ಎಂಎ ಮಾಡುವವರಿಗೆ ಗೋವಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರವೂ ಇದೆ, ಪೋರ್ಚುಗೀಸೂ ಇದೆ. ನಾನಾದರೆ ಸಮಾಜಶಾಸ್ತ್ರವನ್ನೇ ಹಿಡಿಯಿರಿ ಅನ್ನುತ್ತೇನೆ. ಭಾಷೆಯನ್ನು ದಿನದ ಮುಕ್ಕಾಲು ಗಂಟೆಯಲ್ಲಿ ಬೆಳೆಸಿಕೊಂಡು ಹೋಗಬಹುದು. ಕ್ಷೇತ್ರಕಾರ್ಯ ಕಲಿಯಲು ಮಾತ್ರ ಗುರುಗಳು ಪಕ್ಕದಲ್ಲಿರಬೇಕು. ಅರ್ಜಿಯ ಜೊತೆ ಮಾಪ್ಸಾದ ಸಂತೆಯ ಆ ಪ್ರಾಜೆಕ್ಟ್ ವರದಿಯನ್ನೂ, ಅದಕ್ಕಾಗಿ ನೀವೇ ಅನುವಾದಿಸಿದ ಒಂದೆರಡು ಹಳೆಯ ಪ್ರಕಟಣೆಗಳನ್ನೂ ಇಟ್ಟುಕೊಂಡಿರಿ. ಪ್ರವೇಶದ ಮಾತುಕತೆಯಲ್ಲಿ ಏನು ಓದಿದ್ದೀರಿ ಅಂತ ಕೇಳಿದಾಗ ಅದನ್ನೇ ಮುಂದಿಡಿ.